ತುಂಗೆಯ ಮೈಮೇಲೆ ಎದ್ದ ದದ್ದು

ಸೋಮವಾರ ಬೆಳಗ್ಗೆ ಏಳೂಕಾಲಿಗೆ ತುಂಗೆಯ ಕುತ್ತಿಗೆ ನುಣ್ಣಗಿತ್ತು. ನಾನೇ ಕೈಯಾಡಿಸಿ ನೋಡಿದ್ದೆ. ಹೊರಗೆ ಹೋಗಿ ಚಹಾ ಕುಡಿದು, ಪೇಪರ್ ಓದಿ, ಎಂಟು ಗಂಟೆಗೆ ಮತ್ತೆ ಲಾಯದೊಳಗೆ ಕಾಲಿಟ್ಟರೆ ಅದೇ ಕುತ್ತಿಗೆಯ ತುಂಬ ಉಬ್ಬುಗಳು. ಕೆಲವು ರೂಪಾಯಿ ನಾಣ್ಯದಷ್ಟು, ಕೆಲವು ಇಡ್ಲಿಯಷ್ಟು ಅಗಲ. ಭುಜದ ಮೇಲೆ, ಪಕ್ಕೆಯ ಮೇಲೆ, ಹೊಟ್ಟೆಯ ಕೆಳಗೆ. ಒಂದೊಂದರ ಮೇಲೂ ಕೂದಲು ನೆಟ್ಟಗೆ ನಿಂತಿತ್ತು.

ಬೇರೆ ಕುದುರೆಯ ಕೋಣೆಗೆ ಬಂದೆನೇನೋ ಎಂದು ಬಾಗಿಲ ಮೇಲಿನ ಹಲಗೆ ನೋಡಿದೆ. ತುಂಗಾ ಎಂದೇ ಬರೆದಿತ್ತು.

ಅವಳೇ. ಎಡಗಣ್ಣು ಅರ್ಧ ಮುಚ್ಚಿಕೊಂಡಿತ್ತು.

ನಾನು ಕುದುರೆಯ ವಂಶದವನಲ್ಲ. ಹರಿಹರದಲ್ಲಿ ಹುಟ್ಟಿ, ಓದು ಮುಗಿಸಿ ಚೆನ್ನೈಗೆ ಬಂದು, ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಕೂತು ಕೂತು ನಿವೃತ್ತನಾದವನು. ಮನೆ ಪೆರುಂಗುಡಿಯಲ್ಲಿ. ಮಗಳು ನಿತ್ಯಾ ಕಾಲೇಜು ಸೇರಿದ ವರ್ಷ ಕುದುರೆ ಸವಾರಿ ಕಲಿಯುತ್ತೇನೆಂದು ಹಟ ಹಿಡಿದಳು. ಸಮುದ್ರದ ಕಡೆಯ ರಸ್ತೆಯಲ್ಲಿ ಒಂದು ಲಾಯವಿದೆ, ಹದಿನಾಲ್ಕು ಕುದುರೆಗಳದ್ದು. ಅಲ್ಲಿ ಅವಳು ಕಲಿತದ್ದು ಈ ಕಂದು ಹೆಣ್ಣುಕುದುರೆಯ ಮೇಲೆ. ರೇಸಿನಲ್ಲಿ ಓಡಿ ಕಾಲು ಕೆಡಿಸಿಕೊಂಡು ಬಂದಿದ್ದ ಕುದುರೆ. ಕಾಲು ಮತ್ತೆ ಕೈಕೊಟ್ಟಾಗ ಅದನ್ನು ಎಲ್ಲಿಗೋ ಸಾಗಿಸುವ ಮಾತು ಬಂತು. ಎಲ್ಲಿಗೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಗಳು ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ನಾನು ಹೋಗಿ ಕುದುರೆಯನ್ನು ನಮ್ಮದು ಮಾಡಿಕೊಂಡು ಬಂದೆ. ಲಾಯದಲ್ಲೇ ಇರಲಿ, ನಾನಂತೂ ಆ ಕಡೆ ತಲೆ ಹಾಕುವುದಿಲ್ಲ ಎಂದು ಮನೆಯಲ್ಲಿ ಗಟ್ಟಿಯಾಗಿ ಸಾರಿದೆ.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಮಗಳು ವಾರಕ್ಕೆರಡು ಸಲ ಹೋದರೆ ನಾನು ಏಳು ಸಲ. ನಾನು ಬಾಗಿಲಲ್ಲಿ ನಿಂತರೆ ಸಾಕು, ತುಂಗೆ ತಲೆ ತಗ್ಗಿಸಿ ಹಣೆಯನ್ನು ನನ್ನ ಹಣೆಗೆ ಒತ್ತುತ್ತಿದ್ದಳು. ಬಿಸಿ ಉಸಿರು ಎದೆಗೆ ತಾಗುತ್ತಿತ್ತು. ನನ್ನ ಹಣೆಯ ವಿಭೂತಿ ಅವಳ ಹಣೆಗೆ, ಅವಳ ಕೂದಲು ನನ್ನ ಹಣೆಗೆ. ಹಾಗೇ ಒಂದು ನಿಮಿಷ ನಿಲ್ಲುತ್ತಿದ್ದೆವು. ಅರವತ್ತು ದಾಟಿದ ಗಂಡಸು ಇದನ್ನು ಬರೆಯಬಾರದೇನೋ, ಆದರೆ ನನ್ನ ದಿನ ಶುರುವಾಗುತ್ತಿದ್ದದ್ದೇ ಅಲ್ಲಿಂದ.

ವಿಭೂತಿಯ ಮಾತು ಬಂತಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಇಡದೆ ಹೊಸ್ತಿಲು ದಾಟುವುದಿಲ್ಲ. ಹರಿಹರದಲ್ಲಿ ಸೋಮವಾರ ನಮ್ಮ ಅಜ್ಜ ಪೂಜೆ ಮುಗಿಸಿ ಎದ್ದವರೇ ಎತ್ತಿನ ಹಣೆಗೂ ಮೂರು ಬೆರಳು ಎಳೆದು, ಎಡೆಯ ಮೊದಲ ತುತ್ತನ್ನು ಅದರ ಬಾಯಿಗೆ ಕೊಡುತ್ತಿದ್ದರು. ಬಸವಣ್ಣ ಉಂಡ ಮೇಲೆ ನಮಗೆ ಊಟ. ಪೆರುಂಗುಡಿಯ ಅಪಾರ್ಟ್‌ಮೆಂಟಿನಲ್ಲಿ ಎತ್ತು ಎಲ್ಲಿಂದ ತರಲಿ? ಎಷ್ಟೋ ವರ್ಷ ಆ ತುತ್ತು ಹಾಗೇ ಉಳಿದುಹೋಗಿತ್ತು. ತುಂಗೆ ಬಂದ ಮೇಲೆ ಅವಳೇ ನಮ್ಮ ಬಸವಣ್ಣ. ಪ್ರತಿ ಸೋಮವಾರ ಅವಳ ಹಣೆಗೆ, ಕುತ್ತಿಗೆಯ ಎರಡೂ ಪಕ್ಕಕ್ಕೆ ವಿಭೂತಿ ಹಚ್ಚಿ, ನೆನೆಸಿದ ಕಡಲೆ, ಬೆಲ್ಲ ತಿನ್ನಿಸುತ್ತಿದ್ದೆ. ಆ ಸೋಮವಾರವೂ ಹಚ್ಚಿದ್ದೆ.

ಒಂದೇ ವ್ಯತ್ಯಾಸ. ಊರಿನಿಂದ ತಂದಿದ್ದ ವಿಭೂತಿ ಗಟ್ಟಿ ತೀರಿಹೋಗಿತ್ತು. ಹೆಂಡತಿ ಗಿರಿಜಾ ತಂಗಿಯ ಬಾಣಂತನಕ್ಕೆಂದು ಹರಿಹರಕ್ಕೆ ಹೊರಟಾಗ ಅವಳನ್ನು ಬಸ್ಸು ಹತ್ತಿಸಲು ಕೋಯಂಬೇಡಿಗೆ ಹೋಗಿದ್ದೆ. ಬರುವಾಗ ಅಲ್ಲೇ ಒಂದು ಪೂಜಾ ಸಾಮಾನಿನ ಅಂಗಡಿಯಲ್ಲಿ ಡಬ್ಬಿಯ ವಿಭೂತಿ ಕೊಂಡೆ. ಹಾಲಿನಂಥ ಬಿಳುಪು, ಮುಚ್ಚಳ ತೆಗೆದರೆ ಘಮಘಮ. ಒಳ್ಳೆಯದೇ ಸಿಕ್ಕಿತೆಂದು ಹಿಗ್ಗಿದೆ. ಇದು ನಡೆದು ಎರಡು ವಾರವಾಗಿತ್ತು, ಹಿಂದಿನ ಸೋಮವಾರ ಅದನ್ನೇ ಹಚ್ಚಿದಾಗ ಏನೂ ಆಗಿರಲಿಲ್ಲ.

ಇಷ್ಟು ಸ್ಪಷ್ಟವಾಗಿ ಈಗ ಬರೆಯುತ್ತಿದ್ದೇನೆ. ಆ ಸೋಮವಾರ ಇದರಲ್ಲಿ ಒಂದು ಎಳೆಯೂ ನನ್ನ ತಲೆಗೆ ಹೊಳೆಯಲಿಲ್ಲ.

ತುಂಗೆಯನ್ನು ನೋಡಿಕೊಳ್ಳುವ ಸೈಸ್ ಏಳುಮಲೈ. ವಯಸ್ಸು ನನ್ನದೇ. ಹನ್ನೆರಡನೆಯ ವಯಸ್ಸಿನಿಂದ ಕುದುರೆಗಳ ನಡುವೆಯೇ ಬೆಳೆದವನು. ಅವನಿಗೆ ತಮಿಳು ಬಿಟ್ಟು ಬೇರೆ ಬರುವುದಿಲ್ಲ. ಅವನ ಮಾತನ್ನು ಬಹುಮಟ್ಟಿಗೆ ನನ್ನ ಕನ್ನಡದಲ್ಲೇ ಬರೆಯುತ್ತೇನೆ. ನಾನು ಕಲ್ಲಿನಂತೆ ನಿಂತಿದ್ದಾಗ ಅವನು ಆಗಲೇ ಪೈಪು ಎಳೆದು ತಂದು ತಣ್ಣೀರು ಬಿಡತೊಡಗಿದ್ದ. ಹಣೆಯಿಂದ ಶುರುಮಾಡಿ ಕುತ್ತಿಗೆ, ಭುಜ, ಪಕ್ಕೆ. ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಬಟ್ಟೆ.

“ಡಾಕ್ಟರಮ್ಮನಿಗೆ ಫೋನ್ ಮಾಡಿ ಅಯ್ಯಾ,” ಅಂದ.

ಡಾಕ್ಟರ್ ರೇವತಿ ಅರ್ಧ ಗಂಟೆಯಲ್ಲಿ ಬಂದರು. ವಯಸ್ಸು ನಲವತ್ತರ ಒಳಗೆ, ಮಾತು ಕಡಿಮೆ. ತುಂಗೆಯ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಗಡಿಯಾರ ನೋಡಿದರು. ಮೂಗಿನ ಹೊಳ್ಳೆ, ಕಣ್ಣಿನ ರೆಪ್ಪೆ ಮುಟ್ಟಿದರು.

“ಹೈವ್ಸ್,” ಅಂದರು. ನಮ್ಮಲ್ಲಿ ಪಿತ್ತದ ಗಂಧೆ ಅನ್ನುತ್ತಾರಲ್ಲ, ಅದು. ಅಲರ್ಜಿ. “ಸ್ಟಿರಾಯ್ಡ್ ಕೊಡ್ತೀನಿ. ಇಳಿಯುತ್ತೆ. ಮೂಗು ಊದಿಕೊಂಡರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ. ಕುದುರೆ ನಮ್ಮ ಹಾಗೆ ಬಾಯಿಂದ ಉಸಿರಾಡೋದಿಲ್ಲ ಸಾರ್. ಅದಕ್ಕೆ ಮೂಗೊಂದೇ ದಾರಿ.”

ಇಷ್ಟು ವರ್ಷ ಅವಳ ಮೂಗಿನ ಮುಂದೆ ನಿಂತವನಿಗೆ ಇದು ಗೊತ್ತಿರಲಿಲ್ಲ.

ಇಂಜೆಕ್ಷನ್ ಕೊಡುತ್ತ ಡಾಕ್ಟರ್ ಕೇಳಿದರು. ಹೊಸ ಮೇವು? ಇಲ್ಲ. ಹೊಸ ಔಷಧಿ? ಇಲ್ಲ. ಹಾಸುವ ಹುಲ್ಲು ಬದಲಾಯಿತೇ? ಇಲ್ಲ. ಮೈಗೆ ಏನಾದರೂ ಹಚ್ಚಿದ್ದೀರಾ?

“ಏನೂ ಇಲ್ಲ,” ಎಂದೆ.

ಸುಳ್ಳು ಹೇಳಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಸುಳ್ಳು ಹೇಳಲಿಲ್ಲ. ಕ್ರೀಮು ಹಚ್ಚುತ್ತಾರೆ, ಮುಲಾಮು ಹಚ್ಚುತ್ತಾರೆ. ವಿಭೂತಿ ಧರಿಸುವುದು. ಅದೊಂದು ಪದಾರ್ಥ, ಅದರೊಳಗೆ ಯಾರೋ ಏನನ್ನೋ ಬೆರೆಸಿರಬಹುದು, ಅದು ಒಂದು ಜೀವದ ಚರ್ಮಕ್ಕೆ ತಾಗುತ್ತದೆ ಎಂಬ ವಿಚಾರ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಏಳುಮಲೈ ನನ್ನನ್ನೊಮ್ಮೆ ನೋಡಿದ. ನೆಲ ನೋಡಿದ. ಆಮೇಲೆ, “ನಿನ್ನೆ ಸಂಜೆ ನೊಣ ಜಾಸ್ತಿ ಇತ್ತು ಅಂತ ಸ್ವಲ್ಪ ಬೇವಿನೆಣ್ಣೆ ಸವರಿದ್ದೆ ಡಾಕ್ಟರಮ್ಮಾ,” ಎಂದ.

“ಅದೂ ಆಗಿರಬಹುದು, ಆಗದೆಯೂ ಇರಬಹುದು. ಸದ್ಯಕ್ಕೆ ಹಚ್ಚಬೇಡಿ,” ಅಂದರು ಡಾಕ್ಟರ್.

ಕ್ಲೇಮ್ ಫಾರ್ಮಿನಲ್ಲಿ ‘ನಷ್ಟದ ಕಾರಣ’ ಎಂದು ಒಂದು ಕಾಲಂ ಇರುತ್ತದೆ. ನನ್ನ ಇಡೀ ನೌಕರಿ ಆ ಕಾಲಂನ ಮೇಲೆ ನಡೆದದ್ದು. ಕಾರಣವಿಲ್ಲದೆ ಏನೂ ಸುಡುವುದಿಲ್ಲ, ಕಾರಣವಿಲ್ಲದೆ ಏನೂ ಮುಳುಗುವುದಿಲ್ಲ, ಎದುರು ಕೂತವನು ಏನನ್ನೋ ಮುಚ್ಚಿಡುತ್ತಿದ್ದಾನೆ. ಈ ಮೂರು ನಂಬಿಕೆಯಲ್ಲೇ ತಲೆಕೂದಲು ಬೆಳ್ಳಗಾಯಿತು. ಡಾಕ್ಟರ ಕಾರು ಗೇಟು ದಾಟಿತೋ ಇಲ್ಲವೋ, ನಾನು ಏಳುಮಲೈಯನ್ನು ಹಿಡಿದುಕೊಂಡೆ.

ಯಾವ ಎಣ್ಣೆ? ಎಲ್ಲಿಂದ ತಂದೆ? ಎಷ್ಟು ದಿನದ್ದು? ಯಾರನ್ನು ಕೇಳಿ ಹಚ್ಚಿದೆ? ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅಂದು ಅದರ ಜೊತೆಗೆ ಭಯವೂ ಸೇರಿತ್ತು. ಬಾಯಿಗೆ ಬಂದಂತೆ ಅಂದೆ. ನಿನಗೆ ವಯಸ್ಸಾಯಿತು, ಕಣ್ಣು ಮಂಜಾಯಿತು, ಏನು ಹಚ್ಚುತ್ತೀಯ ಎಂಬ ಎಚ್ಚರವಿಲ್ಲ ಎಂದೆ. ಪಕ್ಕದ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿ ಕೇಳಿಸಿಕೊಂಡರು. ಏಳುಮಲೈ ಎಣ್ಣೆಯ ಬಾಟಲಿ ತಂದು ನನ್ನ ಕೈಗೆ ಕೊಟ್ಟ, ಅಷ್ಟೇ.

ನಾನು ನೇರ ಲಾಯದ ಮಾಲೀಕರ ಬಳಿ ಹೋಗಿ, ಏಳುಮಲೈ ಇನ್ನು ತುಂಗೆಯ ಕೋಣೆಗೆ ಕಾಲಿಡಕೂಡದು ಎಂದೆ. “ನಿಮ್ಮ ಕುದುರೆ ಸಾರ್, ನಿಮ್ಮಿಷ್ಟ,” ಎಂದರು ಅವರು. ತುಂಗೆಗೆ ಬೇರೆ ಕೆಲಸದವನನ್ನು ಹಾಕಿದರು. ಏಳುಮಲೈಗೆ ಲಾಯದ ಇನ್ನೊಂದು ತುದಿಯ ಕುದುರೆಗಳು ಸಿಕ್ಕವು.

ಮನೆಗೆ ಬಂದು ನಿತ್ಯಾಗೆ ಹೇಳಿದೆ. ನಮ್ಮ ಮಗಳು ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ತಮಿಳಿನಲ್ಲಿ.

“ಅಪ್ಪಾ, ಏಳುಮಲೈ ಅಣ್ಣನ್ ಅಪ್ಪಡಿ ಪಣ್ಣಮಾಟ್ಟಾರು,” ಅಂದಳು. ಅವನು ಅಂಥದ್ದು ಮಾಡುವವನಲ್ಲ ಎಂದು.

“ಎಣ್ಣಿ ಹಚ್ಚೀನಿ ಅಂತ ಅವನ ಒಪ್ಪಿಕೊಂಡಾನಲ್ಲ!”

“ಸೋ? ಅವರು ಆನೆಸ್ಟಾ ಸೊನ್ನಾರು. ಅದುಕ್ಕು ಪನಿಷ್‌ಮೆಂಟಾ?” ನಿಜ ಹೇಳಿದ್ದಕ್ಕೆ ಶಿಕ್ಷೆಯಾ ಎಂದು.

ಸುಮ್ಮನಿರು, ನಿನಗೆ ತಿಳಿಯುವುದಿಲ್ಲ ಎಂದೆ.

ಗಿರಿಜಾ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು. “ಅಲ್ರೀ, ಆ ಮನುಷ್ಯ ತನ್ನ ಹೊಟ್ಟಿ ಮರತು ಕುದುರಿ ಹೊಟ್ಟಿ ನೋಡ್ತಾನ ಅಂತ ನೀವ ಹೇಳ್ತಿದ್ರಿ. ಇವತ್ತು ಒಂದ ದಿನಕ್ಕ ಕೆಟ್ಟವ ಆಗಿಬಿಟ್ನಾ?”

ಅವಳಿಗೂ ರೇಗಿ ಫೋನ್ ಇಟ್ಟೆ.

ಅಂದು ಸಂಜೆ ಲಿಂಗಪೂಜೆಗೆ ಕೂತಾಗ ಹರಕೆ ಹೊತ್ತೆ. ತುಂಗೆಯ ಮೈ ಮೊದಲಿನಂತಾದರೆ ಬರೀ ಹಣೆ, ಕುತ್ತಿಗೆ ಅಲ್ಲ, ಮೈತುಂಬ ವಿಭೂತಿ ಧರಿಸುತ್ತೇನೆ ಎಂದು.

ಮಂಗಳವಾರ ಉಬ್ಬು ಅರ್ಧ ಇಳಿದಿತ್ತು. ಬುಧವಾರ ಕುತ್ತಿಗೆ ನುಣ್ಣಗಾಯಿತು. ಡಾಕ್ಟರ್ ಬಂದು, ಸ್ಟಿರಾಯ್ಡಿನಿಂದ ಕೆಲವು ಕುದುರೆಗಳಿಗೆ ಗೊರಸು ಕೆಡುತ್ತದೆ ಎಂದು ನಾಲ್ಕೂ ಗೊರಸು ಮುಟ್ಟಿ ಬಿಸಿ ನೋಡಿ, ಸರಿಯಿದೆ ಅಂದರು. ಆದರೆ ತುಂಗೆ ಸರಿಯಿರಲಿಲ್ಲ. ಮೇವನ್ನು ಮೂಸಿ ಬಿಡುತ್ತಿದ್ದಳು. ದೂರದಲ್ಲಿ ಏಳುಮಲೈಯ ಚಪ್ಪಲಿ ಸದ್ದು ಕೇಳಿದರೆ ಬಾಗಿಲಾಚೆ ಕತ್ತು ಚಾಚಿ ಕೆನೆಯುತ್ತಿದ್ದಳು. ಅವನು ತಲೆ ಎತ್ತದೆ ಬಕೆಟ್ಟು ಹಿಡಿದು ಹೋಗಿಬಿಡುತ್ತಿದ್ದ. ಆದರೂ ನನ್ನ ಕಾರಣ ಸಿಕ್ಕಿತ್ತು, ಕಾಲಂ ತುಂಬಿತ್ತು, ಬೇವಿನೆಣ್ಣೆ ನಿಂತಿತು, ದದ್ದು ಇಳಿಯಿತು. ಇನ್ನೇನು ಬೇಕು?

ಶುಕ್ರವಾರ ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ ಡಬ್ಬಿ ಹಿಡಿದು ಹೋದೆ. ಹರಕೆ ತೀರಿಸಲು.

ನಿಧಾನವಾಗಿ ಹಚ್ಚಿದೆ. ಹಣೆಗೆ ಮೂರು ಎಳೆ. ಕುತ್ತಿಗೆಯ ಎರಡೂ ಪಕ್ಕಕ್ಕೆ ಮೂರು ಮೂರು ಎಳೆ. ಎದೆಗೆ, ಭುಜಕ್ಕೆ, ಬೆನ್ನಿಗೆ, ಪಕ್ಕೆಗಳಿಗೆ. ಕಂದು ಮೈಯ ಮೇಲೆ ಬಿಳಿ ಎಳೆಗಳು ಎಷ್ಟು ಚಂದ ಕಂಡವೆಂದರೆ ಫೋನಿನಲ್ಲಿ ಒಂದು ಫೋಟೊ ತೆಗೆದು ಗಿರಿಜಾಗೆ ಕಳಿಸಿದೆ. ಅರ್ಧ ಡಬ್ಬಿ ಖಾಲಿಯಾಗಿತ್ತು. ತುಂಗೆ ಎರಡು ಸಲ ಸೀನಿದಳು. ಪುಡಿ ಮೂಗಿಗೆ ಹೋಯಿತೇನೋ ಎಂದು ನಕ್ಕೆ.

ನಕ್ಕೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಕಡಲೆ ತಿನ್ನಿಸಲು ಹೋದಾಗ ಅವಳ ತುಟಿ ನನ್ನ ಅಂಗೈಯನ್ನು ಹಿಡಿಯಲಿಲ್ಲ. ಕಡಲೆ ನೆಲಕ್ಕೆ ಬಿತ್ತು. ತಲೆ ಎತ್ತಿ ನೋಡಿದೆ. ಕೆಳತುಟಿ ದಪ್ಪಗಾಗಿತ್ತು. ನಾನು ನೋಡುತ್ತಿದ್ದಂತೆಯೇ ಕಣ್ಣಿನ ರೆಪ್ಪೆಗಳು ಊದಿ ಮುಚ್ಚತೊಡಗಿದವು. ಎದೆಯ ಮೇಲೆ ಉಬ್ಬು, ಉಬ್ಬಿಗೆ ಉಬ್ಬು ಸೇರಿ ಹಲಗೆಯಂತೆ ಗಟ್ಟಿ. ಮೂಗಿನ ಹೊಳ್ಳೆಗಳ ಅಂಚು ದಪ್ಪವಾಗಿ ಒಳಗಿನ ದಾರಿ ಸಣ್ಣದಾಗುತ್ತ ಬಂತು.

ಆಮೇಲೆ ಆ ಸದ್ದು. ಅವಳು ಉಸಿರು ಎಳೆದಾಗ ಸಣ್ಣಗೆ ಸೀಟಿ ಊದಿದಂತೆ.

ಮೂಗೊಂದೇ ದಾರಿ.

ಡಾಕ್ಟರಿಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. “ಇಪ್ಪತ್ತು ನಿಮಿಷ,” ಅಂದರು. “ತಣ್ಣೀರು ಬಿಡ್ತಾ ಇರಿ. ಅವಳು ಗಾಬರಿಯಾಗಬಾರದು, ಓಡಾಡಬಾರದು. ಏಳುಮಲೈ ಇದ್ದಾನಲ್ಲ, ಹಿಡ್ಕೊಳ್ಳೋಕೆ ಹೇಳಿ.”

ಏಳುಮಲೈ ಇರಲಿಲ್ಲ. ನಾನೇ ಇಲ್ಲದಂತೆ ಮಾಡಿದ್ದೆ. ಹೊಸ ಕೆಲಸದವನು ಹಗ್ಗ ಹಿಡಿದರೆ ತುಂಗೆ ತಲೆ ಕೊಡವಿ ಗೋಡೆಗೆ ಒರಗಿ ಬಡಿದುಕೊಂಡಳು. ಅವನು ಹೆದರಿ ಹೊರಗೆ ಓಡಿದ. ನಾನು ಒಬ್ಬನೇ ಒಳಗೆ. ಅರ್ಧ ಟನ್ ತೂಕದ ಪ್ರಾಣಿ ಕಣ್ಣು ಕಾಣದೆ, ಉಸಿರು ಸಿಗದೆ, ನನ್ನ ಮುಂದೆ ಮುಂಗಾಲು ಬಡಿಯುತ್ತಿತ್ತು.

ಬಾಗಿಲ ಕಡೆ ತಿರುಗಿದೆ.

ಅವನು ಅಲ್ಲಿ ನಿಂತಿದ್ದ. ಸದ್ದು ಕೇಳಿ ಆ ತುದಿಯಿಂದ ಓಡಿ ಬಂದಿದ್ದ. ಬಾಯಲ್ಲಿ ಏದುಸಿರು, ಕೈಯಲ್ಲಿ ಒದ್ದೆ ಬಟ್ಟೆ, ಬಕೆಟ್ಟು. ಆದರೆ ಕಾಲು ಹೊಸ್ತಿಲಿನ ಆಚೆಗೇ ಇತ್ತು.

“ಉಳ್ಳೆ ವರಲಾಮಾ ಅಯ್ಯಾ?”

ಒಳಗೆ ಬರಬಹುದಾ ಎಂದು ನನ್ನನ್ನು ಕೇಳುತ್ತಿದ್ದ. ಅವಳು ಸಾಯುತ್ತಿದ್ದಳು, ಅವನು ನನ್ನ ಅಪ್ಪಣೆಗೆ ಕಾಯುತ್ತಿದ್ದ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣವನಾದದ್ದು ನೆನಪಿಲ್ಲ. ಎರಡೂ ಕೈ ಮುಗಿದುಬಿಟ್ಟೆ.

ಅವನು ಬಂದ. ಹಗ್ಗ ಮುಟ್ಟಲಿಲ್ಲ. ಅವಳ ಕಿವಿಯ ಹತ್ತಿರ ಬಾಯಿಟ್ಟು, “ಏ ಕಣ್ಣು, ಕಣ್ಣು, ಒಣ್ಣುಮಿಲ್ಲಡಾ,” ಎಂದು ಮೆಲ್ಲಗೆ ಹೇಳತೊಡಗಿದ. ಏನೂ ಆಗಿಲ್ಲ ಕಂದಾ ಎಂದು. ಕಾಲು ಬಡಿಯುವುದು ನಿಂತಿತು. ಆಮೇಲೆ ಅವನು ಮಾಡಿದ ಮೊದಲ ಕೆಲಸವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ಅವಳ ಹಣೆಯ ವಿಭೂತಿ ಒರೆಸಿದ. ಮತ್ತೆ ಅದ್ದಿದ. ಕುತ್ತಿಗೆಯದನ್ನು ಒರೆಸಿದ. ಎದೆಯದು. ಭುಜದ್ದು. ಒಂದೊಂದೇ ಎಳೆ. ನೀರು ಬಿಳಿಯಾಯಿತು. ನಾನು ಪೈಪಿನಿಂದ ನೀರು ಬಿಡುತ್ತ ನಿಂತಿದ್ದೆ. ನೋಡುತ್ತಿದ್ದೆ. ಒರೆಸಿದಲ್ಲೆಲ್ಲ ಕೆಳಗೆ ಚರ್ಮ ಮೂರು ಬೆರಳಿನ ಆಕಾರದಲ್ಲೇ ಎದ್ದು ನಿಂತಿತ್ತು.

ನನ್ನ ಮೂರು ಬೆರಳು.

ಡಾಕ್ಟರ್ ಬಂದವರೇ ಅಡ್ರಿನಲಿನ್ ಚುಚ್ಚಿದರು. ಆಮೇಲೆ ಸ್ಟಿರಾಯ್ಡ್. ಆಮೇಲೆ ಚೀಲದಿಂದ ಕೂದಲು ಕತ್ತರಿಸುವ ಯಂತ್ರ ತೆಗೆದು ಗಂಟಲಿನ ಕೆಳಗೆ ಅಂಗೈಯಗಲ ಜಾಗವನ್ನು ಬೋಳಿಸಿದರು.

“ಇದು ಯಾಕೆ?” ಎಂದೆ.

“ಮೂಗು ಪೂರ್ತಿ ಮುಚ್ಚಿದರೆ ಇಲ್ಲಿ ತೂತು ಮಾಡಿ ಟ್ಯೂಬ್ ಹಾಕಬೇಕು. ರೆಡಿ ಇರಲಿ ಅಷ್ಟೇ.” ಬ್ಲೇಡು, ಟ್ಯೂಬು ಒಂದು ಟವೆಲಿನ ಮೇಲೆ ಇಟ್ಟುಕೊಂಡು ಕೂತರು.

ಕಾದೆವು. ಏಳುಮಲೈ ಅವಳ ದವಡೆಯನ್ನು ತನ್ನ ಭುಜದ ಮೇಲಿಟ್ಟುಕೊಂಡು ನಿಂತಿದ್ದ. ಡಾಕ್ಟರ್ ಗಡಿಯಾರ ನೋಡುತ್ತಿದ್ದರು. ನಾನು ಆ ಬೋಳಾದ ಜಾಗ ನೋಡುತ್ತಿದ್ದೆ. ಶಿವಾ ಎನ್ನಬೇಕೆಂದುಕೊಂಡೆ, ಅನ್ನಲಾಗಲಿಲ್ಲ. ಸೀಟಿಯ ಸದ್ದು ಜೋರಾಯಿತು. ಹಾಗೇ ಇತ್ತು. ಹಾಗೇ ಇತ್ತು. ಆಮೇಲೆ, ಹೌದೋ ಅಲ್ಲವೋ ಎಂಬಷ್ಟು, ತಗ್ಗಿತು. ಇನ್ನಷ್ಟು ತಗ್ಗಿತು. ಕೊನೆಗೆ ತುಂಗೆ ಮೂಗಿನಿಂದ ಒಂದು ದೊಡ್ಡ ಉಸಿರು ಬಿಟ್ಟಳು, ಏಳುಮಲೈಯ ಅಂಗಿಯೆಲ್ಲ ಸಿಂಬಳ.

“ಓಕೆ,” ಅಂದರು ಡಾಕ್ಟರ್. ಅವರ ಹಣೆಯಲ್ಲೂ ಬೆವರಿತ್ತು. ಟವೆಲು ಮಡಚಿದರು. ಆಗ ಅವರ ಕಣ್ಣು ಬಕೆಟ್ಟಿನ ಬಿಳಿ ನೀರಿನ ಮೇಲೆ ಬಿತ್ತು.

“ಇದೇನು?”

ನಾನೇ ಹೇಳಬೇಕಿತ್ತು.

“ವಿಭೂತಿ,” ಎಂದೆ.

“ಸೋಮವಾರವೂ ಇತ್ತಾ?”

“ಇತ್ತು.”

“ಮೈಗೆ ಏನಾದರೂ ಹಚ್ಚಿದ್ದೀರಾ ಅಂತ ನಾನು ಕೇಳಿದ್ದೆ ಸಾರ್.”

“ವಿಭೂತಿ ಹಚ್ಚುವ ವಸ್ತು ಅಂತ ನನಗೆ ಅನ್ನಿಸಿರಲಿಲ್ಲ,” ಎಂದೆ. ಮೂವತ್ತು ವರ್ಷ ಜನ ನನ್ನ ಮುಂದೆ ಕೂತು ಇಂಥವೇ ಉತ್ತರ ಕೊಟ್ಟಿದ್ದರು. ನಾನು ಒಬ್ಬರನ್ನೂ ನಂಬಿರಲಿಲ್ಲ. ಡಾಕ್ಟರ್ ನನ್ನನ್ನು ನಂಬಿದರು ಎಂದು ಕಾಣುತ್ತದೆ. ಬೈಯಲಿಲ್ಲ. ಡಬ್ಬಿ ತೆಗೆದು ಮೂಸಿ ನೋಡಿ, ಮುಖ ಹಿಂಡಿದರು.

“ಸೆಂಟ್ ಇರಬಹುದು. ಬಿಳುಪಿಗೆ ಬೆರೆಸಿದ ಪುಡಿ ಇರಬಹುದು. ಇದೇ ಅಂತ ನಾನು ಹೇಳಲಾರೆ. ಇದರ ಜೊತೆ ಬೇರೇನೋ ಸೇರಿರಬಹುದು. ಎಷ್ಟೋ ಕುದುರೆಗಳಲ್ಲಿ ಕಾರಣ ಸಿಕ್ಕೋದೇ ಇಲ್ಲ. ಖಚಿತ ಬೇಕು ಅಂದರೆ ಅವಳು ಸುಧಾರಿಸಿದ ಮೇಲೆ ಒಂದು ಚೂರು ಜಾಗದಲ್ಲಿ ಇದನ್ನೇ ಹಚ್ಚಿ ನೋಡಬಹುದು. ಟೆಸ್ಟ್.”

ಕಾರಣವಿಲ್ಲದೆ ಫೈಲು ಮುಚ್ಚಿದವನಲ್ಲ ನಾನು. ಆದರೂ ಬಾಯಿಂದ ತಾನಾಗಿ ಬಂತು. “ಬೇಡ ಡಾಕ್ಟರೇ. ಗೊತ್ತಾಗದಿದ್ದರೂ ಅಡ್ಡಿಯಿಲ್ಲ. ಇನ್ನೊಂದು ಸಲ ಅವಳ ಮೈಗೆ ಅದನ್ನು ಸೋಕಿಸುವುದಿಲ್ಲ.”

ಡಾಕ್ಟರ್ ಹೋದ ಮೇಲೆ ಏಳುಮಲೈ ಮತ್ತು ನಾನು ಉಳಿದೆವು. ಅವನು ಕೋಣೆಯ ಒದ್ದೆ ಹುಲ್ಲು ತೆಗೆದು ಹೊಸದು ಹಾಸುತ್ತಿದ್ದ. ನಾನು ಕೇಳಿದೆ, ನಿನಗೆ ಸೋಮವಾರವೇ ಗೊತ್ತಿತ್ತಾ?

“ಗೊತ್ತು ಅಂತ ಹೇಳೋಕಾಗಲ್ಲ ಅಯ್ಯಾ. ಗೀರು ಇದ್ದ ಕಡೆಯಿಂದ ಮೊದಲು ಎದ್ದದ್ದು ನೋಡಿದೆ. ತೊಳೆದುಬಿಟ್ಟೆ. ಆಮೇಲೆ ಎಣ್ಣೆ ನಾನೇ ಹಚ್ಚಿದ್ದು ನೆನಪಾಯ್ತು. ಅದೂ ಇರಬಹುದಲ್ಲ.”

“ನನಗೆ ಹೇಳಬಾರದಾಗಿತ್ತಾ?”

ಅವನು ಹುಲ್ಲು ಹರವುವುದನ್ನು ನಿಲ್ಲಿಸಲಿಲ್ಲ. “ಅದು ಸಾಮಿ ವಿಷಯ ಅಯ್ಯಾ. ನೀವು ಕಣ್ಣು ಮುಚ್ಚಿ ಹಚ್ಚುತ್ತೀರಿ. ನಿಮ್ಮ ಸಾಮಿ ಬೂದಿಯಿಂದ ಕುದುರೆಗೆ ಹೀಗಾಯ್ತು ಅಂತ ನಾನು ಹೇಗೆ ಹೇಳಲಿ? ಹೇಗೂ ಅವಳ ಹತ್ತಿರ ನಾನೇ ಇರ್ತೀನಲ್ಲ, ನೀವು ಹೋದ ಮೇಲೆ ಒರೆಸಿಬಿಟ್ಟರಾಯ್ತು ಅಂದುಕೊಂಡೆ.” ಹುಲ್ಲನ್ನು ಮೂಲೆಗೆ ತಳ್ಳುತ್ತ ಸೇರಿಸಿದ. “ಆಮೇಲೆ ನಾನಿರಲಿಲ್ಲ.”

ದೂರುವ ದನಿಯೇ ಅಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ. ತಪ್ಪು ನನ್ನದು, ಮನ್ನಿಸು ಅಂದೆ. ಅವನಿಗೆ ಬಹಳ ಸಂಕೋಚವಾಯಿತು. “ಎದ್ದೇಳಿ ಅಯ್ಯಾ, ಯಾರಾದರೂ ನೋಡ್ತಾರೆ. ಅವಳಿಗೆ ನೀರು ಕುಡಿಸಬೇಕು,” ಎಂದ.

ಬೈದದ್ದು ಎಲ್ಲರ ಮುಂದೆ. ತಪ್ಪೊಪ್ಪಿಕೊಳ್ಳುವುದೂ ಎಲ್ಲರ ಮುಂದೆಯೇ ಆಗಬೇಕು. ಮಾಲೀಕರನ್ನು ಕರೆದುಕೊಂಡು ಬಂದು, ಕೆಲಸದವರೆಲ್ಲ ಇರುವಾಗ, ದದ್ದಿಗೆ ಏಳುಮಲೈ ಕಾರಣವಲ್ಲ, ಅವನು ಇಲ್ಲದಿದ್ದರೆ ಇವತ್ತು ತುಂಗೆ ಉಳಿಯುತ್ತಿರಲಿಲ್ಲ ಎಂದು ಹೇಳಿದೆ. ನನ್ನ ತಮಿಳು ಅಂದು ತೀರಾ ತೊದಲಿತು. ಯಾರೂ ನಗಲಿಲ್ಲ.

ಸಂಜೆ ಗಿರಿಜಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೆಳಗ್ಗೆ ಕಳಿಸಿದ ಫೋಟೊ ಅವಳ ಫೋನಿನಲ್ಲಿ ಹಾಗೇ ಇತ್ತು.

“ಈಗ ಹೆಂಗೈತ್ರಿ?”

“ಉಸಿರಾಡ್ಲಿಕ್ಕೆ ಹತ್ತ್ಯಾಳ.”

“ಶಿವನ ಭಸ್ಮದಿಂದ ಹಿಂಗಾತಲ್ಲ ಅಂತ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಸೆಂಟ್ ಪುಡಿ ತಂದು ಭಸ್ಮ ಅಂತ ಹಚ್ಚಿದವ್ರು ನೀವು. ಶಿವ ಏನ್ ಮಾಡ್ಯಾನು? ಮದುವಿ ಆದಾಗಿಂದ ನೋಡೀನಿ, ಅಂಗಡ್ಯಾಗ ಘಮ ಅಂದದ್ದೆಲ್ಲ ನಿಮಗ ಚಲೋದ.”

ಆ ಬೆಳಗಿನ ನಂತರ ಮೊದಲ ಸಲ ನಗು ಬಂತು. ನಿತ್ಯಾ ಪಕ್ಕದಲ್ಲೇ ಕೂತಿದ್ದವಳು ನನ್ನ ಭುಜಕ್ಕೆ ತಲೆ ಆನಿಸಿದಳು. ‘ನಾನು ಹೇಳಿರಲಿಲ್ಲವಾ’ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಅದಕ್ಕೆ ನಾನು ಋಣಿ.

ಇದೆಲ್ಲ ಮುಗಿದು ಹದಿನೇಳು ದಿನವಾಗಿದೆ. ತುಂಗೆಯ ಗಂಟಲಿನ ಕೆಳಗಿನ ಬೋಳು ಜಾಗದಲ್ಲಿ ಕೂದಲು ಚಿಗುರುತ್ತಿದೆ, ಮುಟ್ಟಿದರೆ ಮಖಮಲ್ಲಿನಂತಿದೆ. ದಿನವೂ ಗೊರಸು ಮುಟ್ಟಿ ನೋಡುತ್ತೇವೆ. ಸ್ಟಿರಾಯ್ಡ್ ನಿಂತಿದೆ. ಇನ್ನು ಬರುವುದಿಲ್ಲ ಎಂದು ಡಾಕ್ಟರ್ ಮಾತು ಕೊಟ್ಟಿಲ್ಲ. ಕೊಡಲಾರೆ ಅಂದಿದ್ದಾರೆ. ಅಡ್ರಿನಲಿನ್ ಲಾಯದಲ್ಲೇ ಇರಿಸಿ, ಚುಚ್ಚುವುದನ್ನು ನನಗೂ ಏಳುಮಲೈಗೂ ಕಲಿಸಿದ್ದಾರೆ. ನನಗಿಂತ ಅವನೇ ಬೇಗ ಕಲಿತ. ಕಾರಣದ ಕಾಲಂ ಖಾಲಿಯಿದೆ. ಬೆಳಗ್ಗೆ ಗೇಟಿನ ಹತ್ತಿರ ಬರುವಾಗ ಈಗಲೂ ಹೆಜ್ಜೆ ತಾನಾಗಿ ಬಿರುಸಾಗುತ್ತದೆ. ಕೆನೆಯುವ ಸದ್ದು ಕೇಳಿದ ಮೇಲೆಯೇ ಉಸಿರು.

ಗಿರಿಜಾ ಮೊನ್ನೆ ಬಂದಳು, ಊರಿನ ವಿಭೂತಿ ಗಟ್ಟಿ ತಂದಳು. ಈ ಸೋಮವಾರ ಎಂದಿನಂತೆ ಪೂಜೆ ಮುಗಿಸಿ, ಹಣೆತುಂಬ ಆ ವಿಭೂತಿಯನ್ನೇ ಧರಿಸಿ ಲಾಯಕ್ಕೆ ಹೋದೆ. ಕೈಯಲ್ಲಿ ಕಡಲೆ, ಬೆಲ್ಲ ಅಷ್ಟೇ. ಆ ಶುಕ್ರವಾರದಿಂದೀಚೆಗೆ ತುಂಗೆ ಹಣೆ ಒತ್ತಿರಲಿಲ್ಲ, ನಾನೂ ಅವಳ ಮುಖದ ಹತ್ತಿರ ಹೋಗುವ ಧೈರ್ಯ ಮಾಡಿರಲಿಲ್ಲ. ಅಂದು ನನ್ನನ್ನು ಕಂಡು ಬಾಗಿಲಾಚೆ ಕತ್ತು ಚಾಚಿದಳು. ತಲೆ ತಗ್ಗಿಸಿದಳು.

ನಾನು ಮುಂದೆ ಹೆಜ್ಜೆ ಇಟ್ಟೆ. ಏಳುಮಲೈ ಅಡ್ಡ ಬಂದ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಅದನ್ನು ನನ್ನ ಮುಂದೆ ಹಿಡಿದ.

“ಇದು ಊರಿಂದು ಏಳುಮಲೈ, ಹಳೆಯದೇ. ಇಷ್ಟು ವರ್ಷ ಏನೂ ಆಗಿಲ್ಲ,” ಎಂದೆ. ವಾದ ನನ್ನ ರಕ್ತದಲ್ಲೇ ಇದೆ.

ಅವನು ಬಟ್ಟೆ ಹಿಂತೆಗೆದುಕೊಳ್ಳಲಿಲ್ಲ. ಹೊರಗೆ ನಿಂತು ನನ್ನ ಅಪ್ಪಣೆ ಕೇಳಿದ ಮನುಷ್ಯ ಈಗ ಒಳಗೆ ನಿಂತು ನನ್ನನ್ನು ತಡೆಯುತ್ತಿದ್ದ.

ಬಟ್ಟೆ ತೆಗೆದುಕೊಂಡೆ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದ ದಿನದಿಂದ ಮನೆಯ ಹೊರಗೆ ನನ್ನ ಹಣೆ ಬೋಳಾಗಿರಲಿಲ್ಲ. ಒರೆಸಿಕೊಂಡೆ. ಎರಡು ಸಲ, ಮೂರು ಸಲ. ಅವನು ಹತ್ತಿರ ಬಂದು ನೋಡಿ, ಹುಬ್ಬಿನ ಹತ್ತಿರ ಉಳಿದಿದ್ದನ್ನು ತಾನೇ ಒರೆಸಿದ.

“ಇಪ್ಪ ಪೋಂಗ ಅಯ್ಯಾ,” ಎಂದ. ಈಗ ಹೋಗಿ ಎಂದು.

ಹೋದೆ. ತುಂಗೆ ಹಣೆಯನ್ನು ನನ್ನ ಹಣೆಗೆ ಒತ್ತಿದಳು. ಅವಳ ಉಸಿರು ಬೆಚ್ಚಗೆ, ಸದ್ದಿಲ್ಲದೆ ಬಂದು ನನ್ನ ಎದೆಗೆ ತಾಗಿತು.